ಮತ್ತೆ ಸಿಗದ್ದು ಮೊದಲು

ಹೊಸ ಎಸ್‌ಎಸ್‌ಡಿ ಹಾಕಿಸಬೇಕು ಎಂದು ಅಂಗಡಿಗೆ ಬಂದವರಿಗೆ ದರ ಹೇಳುವ ಮೊದಲು ನಾನು ಕೇಳುವುದು ಒಂದೇ ಮಾತು: ‘ಈ ಕಂಪ್ಯೂಟರ್‌ನಲ್ಲಿ ಮತ್ತೆ ಎಲ್ಲೂ ಸಿಗದಂಥದ್ದು ಏನಿದೆ?’ ಬಹಳ ಜನ ಸ್ವಲ್ಪ ಯೋಚಿಸಿ, ‘ಅಂಥದ್ದೇನಿಲ್ಲ ಸಾರ್, ಗೇಮ್ ಇದಾವೆ, ಒಂದಷ್ಟು ಫೋಟೊ ಇದಾವೆ’ ಅನ್ನುತ್ತಾರೆ. ಗೇಮ್ ಮತ್ತೆ ಸಿಗುತ್ತದೆ. ಫೋಟೊ ಸಿಗುವುದಿಲ್ಲ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ಈ ಕೆಲಸದಲ್ಲಿ ಆಗುವ ನಷ್ಟಗಳು ಶುರುವಾಗುವುದು.

ನನ್ನದು ತಿಪಟೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ. ಕೊಬ್ಬರಿ ಮಂಡಿಯ ಲೆಕ್ಕದ ಕಂಪ್ಯೂಟರ್, ಜೆರಾಕ್ಸ್ ಅಂಗಡಿಯ ಕಂಪ್ಯೂಟರ್, ಕಾಲೇಜು ಹುಡುಗರ ಲ್ಯಾಪ್‌ಟಾಪ್, ಎಲ್ಲವೂ ಇದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತವೆ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲ ಮುಗಿಯಿತು. ಆ ಹೊತ್ತಿನಿಂದ ‘ಹೇಗೂ ವಿಂಡೋಸ್ 11 ಹಾಕಿಸ್ತೀವಲ್ಲ, ಡಿಸ್ಕೂ ಹೊಸದು ಹಾಕಿಬಿಡಿ’ ಅನ್ನುವವರು ಜಾಸ್ತಿಯಾದರು. ಅವರ ಲೆಕ್ಕಾಚಾರ ಸರಿಯಾಗಿದೆ. ಹಳೆಯ ಕಂಪ್ಯೂಟರಿಗೆ ಮಾಡಿಸಬಹುದಾದ ರಿಪೇರಿಗಳಲ್ಲಿ ಕೊಟ್ಟ ದುಡ್ಡಿಗೆ ತಕ್ಕ ಫಲ ಕಣ್ಣಿಗೆ ಕಾಣುವುದು ಇದರಲ್ಲೇ.

ಕಾರಣ ಸರಳ. ಮಾಮೂಲಿ ಹಾರ್ಡ್ ಡಿಸ್ಕಿನೊಳಗೆ ಒಂದು ತಟ್ಟೆ ನಿಮಿಷಕ್ಕೆ 7,200 ಸುತ್ತು ತಿರುಗುತ್ತದೆ. ಓದುವ ಮುಳ್ಳು ಬೇಕಾದ ಜಾಗಕ್ಕೆ ಹೋಗಿ, ಆ ಜಾಗ ತನ್ನ ಕೆಳಗೆ ಬರುವವರೆಗೂ ಕಾಯಬೇಕು. ಒಂದೇ ದೊಡ್ಡ ಸಿನಿಮಾ ಫೈಲನ್ನು ಓದುವಾಗ ಸೆಕೆಂಡಿಗೆ ನೂರು, ನೂರೈವತ್ತು ಎಂಬಿ ಬರುತ್ತದೆ. ಆದರೆ ವಿಂಡೋಸ್ ಏಳುವಾಗ ಬೇಕಾಗುವುದು ಸಾವಿರಾರು ಚಿಕ್ಕ ಚಿಕ್ಕ ಫೈಲುಗಳು, ಒಂದೊಂದು ಒಂದೊಂದು ಮೂಲೆಯಲ್ಲಿ. ಅಲ್ಲಿ ಆ ಮುಳ್ಳು ಸೆಕೆಂಡಿಗೆ ಸುಮಾರು ನೂರು ಸಲ ಜಾಗ ಬದಲಿಸುವಷ್ಟರಲ್ಲೇ ಸುಸ್ತು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಓಡುವುದೂ ಇಲ್ಲ. ಇರುವುದು ಫ್ಲ್ಯಾಶ್ ಚಿಪ್ಪು, ಜಪಾನಿನ ತೋಷಿಬಾದಲ್ಲಿ ಫುಜಿಯೊ ಮಸುವೊಕಾ 1980ರ ದಶಕದಲ್ಲಿ ಕಂಡುಹಿಡಿದದ್ದು. ಯಾವ ಮೂಲೆಯಿಂದಾದರೂ ಸೆಕೆಂಡಿಗೆ ಸಾವಿರಾರು ಚೂರುಗಳನ್ನು ಓದಿ ಕೊಡುತ್ತದೆ. ಸಾಟಾ ಕೇಬಲ್ಲಿನ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ತಿರ ಓಡುತ್ತದೆ. ಮದರ್‌ಬೋರ್ಡಿಗೇ ಕೂರುವ ಎನ್‌ವಿಎಂಇ 3,500, ಹೊಸವು 7,000ಕ್ಕೂ ಹೋಗುತ್ತವೆ. ಡಬ್ಬಿಯ ಮೇಲಿನ ಈ ಸಂಖ್ಯೆಗಳನ್ನು ನೋಡಿ ಯಾರೂ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ. ಹಾರ್ಡ್ ಡಿಸ್ಕಿನಿಂದ ಯಾವ ಎಸ್‌ಎಸ್‌ಡಿಗೆ ಬಂದರೂ ಬದಲಾವಣೆ ದೊಡ್ಡದು, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಅಷ್ಟಾಗಿ ಗೊತ್ತಾಗುವುದಿಲ್ಲ. ಉಳಿದ ದುಡ್ಡಿಗೆ ಜಾಗ ಜಾಸ್ತಿ ಇರುವುದನ್ನು ಕೊಳ್ಳುವುದು ವಾಸಿ.

ಹೋದ ಬೇಸಿಗೆಯಲ್ಲಿ ಬಂದ ಒಂದು ಮನೆಯ ಕಂಪ್ಯೂಟರಿನ ಕಥೆ ಹೇಳಿದರೆ ಈ ಕೆಲಸದ ಬಹುಪಾಲು ವಿಷಯ ಹೇಳಿದಂತಾಗುತ್ತದೆ. ಲಾಕ್‌ಡೌನ್ ಕಾಲದಲ್ಲಿ ಆನ್‌ಲೈನ್ ಕ್ಲಾಸಿಗೆಂದು ಕೊಂಡ ಡೆಸ್ಕ್‌ಟಾಪ್. ಒಳಗೆ ಒಂದು ಟಿಬಿ ಹಾರ್ಡ್ ಡಿಸ್ಕ್. ಅದನ್ನು ಎತ್ತಿಕೊಂಡು ಬಂದದ್ದು ಪಿಯುಸಿ ಹುಡುಗ, ಹಿಂದೆ ಅವನ ತಂದೆ. ಅವರು ಒಂದು ಕೊಬ್ಬರಿ ಮಂಡಿಯ ಲೆಕ್ಕ ಬರೆಯುವವರು, ಹರಾಜಿನ ದಿನ ಕೆಲಸ ಮುಗಿಯದೆ ರಾತ್ರಿ ಮನೆಯಲ್ಲೂ ಟ್ಯಾಲಿ ತೆರೆದು ಕೂರುವವರು. ಅದೇ ಕಂಪ್ಯೂಟರಿನಲ್ಲಿ ಹುಡುಗನ ತಾತ, ನಿವೃತ್ತ ಮೇಷ್ಟ್ರು, ತಮ್ಮ ಊರಿನ ದೇವಸ್ಥಾನ, ಕೆರೆ, ಜಾತ್ರೆಗಳ ಬಗ್ಗೆ ನುಡಿಯಲ್ಲಿ ಟೈಪ್ ಮಾಡಿಟ್ಟ ಬರಹಗಳಿದ್ದವು.

‘ಅಣ್ಣಾ, ನನ್ ಗೇಮ್ಸ್ ಮಾತ್ರ ಹೋಗಬಾರ್ದು’ ಅಂದ ಹುಡುಗ.

‘ಗೇಮ್ ಹೋದ್ರೆ ಹೋಗ್ಲಿ, ಟ್ಯಾಲಿ ಡಾಟಾ ನೋಡ್ಕೊಳಿ’ ಅಂದರು ತಂದೆ.

ತಾತನ ಬರಹದ ಮಾತು ಇಬ್ಬರೂ ಎತ್ತಲಿಲ್ಲ. ನಾನು ಫೋಲ್ಡರ್‌ಗಳನ್ನು ಒಂದೊಂದಾಗಿ ತೆರೆದು ನೋಡುವಾಗ ಕಣ್ಣಿಗೆ ಬಿತ್ತು. ಬೇರೆ ಯಾವ ಪ್ರತಿಯೂ ಇರಲಿಲ್ಲ.

ಹೊಸ ಡಿಸ್ಕಿಗೆ ಹೋಗಲು ಎರಡು ದಾರಿ. ಒಂದು ಕ್ಲೋನ್: ಹಳೆಯ ಡಿಸ್ಕನ್ನು ಇದ್ದದ್ದು ಇದ್ದ ಹಾಗೇ ಹೊಸದಕ್ಕೆ ಅಚ್ಚು ತೆಗೆಯುವುದು. ಇನ್ನೊಂದು, ಹೊಸ ಡಿಸ್ಕಿಗೆ ಹೊಸದಾಗಿ ವಿಂಡೋಸ್ ಹಾಕಿ, ಬೇಕಾದ್ದನ್ನು ಮಾತ್ರ ತಂದುಕೊಳ್ಳುವುದು. ಮೂರನೆಯ ದಾರಿ ಇದೆ ಅಂದುಕೊಂಡು ಬರುವವರೂ ಇದ್ದಾರೆ. ಹೊಸ ಡಿಸ್ಕ್ ಜೋಡಿಸಿ, ಹಳೆಯ ಸಿ ಡ್ರೈವಿನಲ್ಲಿರುವುದನ್ನೆಲ್ಲ ಆರಿಸಿ ಕಾಪಿ ಹೊಡೆದು ಅಲ್ಲಿ ಪೇಸ್ಟ್ ಮಾಡಿದರೆ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಆಗುವುದಿಲ್ಲ. ಓಡುತ್ತಿರುವ ವಿಂಡೋಸ್ ತನ್ನ ಎಷ್ಟೋ ಫೈಲುಗಳನ್ನು ಮುಟ್ಟಗೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓದುವ ಬೂಟ್ ಫೈಲುಗಳು ಸಿ ಡ್ರೈವಿನಲ್ಲಿ ಇರುವುದೇ ಇಲ್ಲ. ಈಗಿನ ಕಂಪ್ಯೂಟರುಗಳಲ್ಲಿ ಅವು ನೂರು ಎಂಬಿ ಆಸುಪಾಸಿನ ಇಎಫ್‌ಐ ಎಂಬ ಪುಟ್ಟ ಪಾರ್ಟಿಷನ್ನಿನಲ್ಲಿರುತ್ತವೆ, ಅದಕ್ಕೆ ಡ್ರೈವ್ ಅಕ್ಷರ ಇಲ್ಲದ್ದರಿಂದ ನಮ್ಮ ಕಣ್ಣಿಗೆ ಕಾಣುವುದಿಲ್ಲ. ವಿಂಡೋಸ್ ಯಾವ ಡಿಸ್ಕಿನ ಯಾವ ಪಾರ್ಟಿಷನ್ನಿನಲ್ಲಿದೆ ಎಂದು ಅಲ್ಲಿ ಬರೆದಿರುತ್ತದೆ. ಸಾಮಾನೆಲ್ಲ ಹೊಸ ಮನೆಗೆ ಸಾಗಿಸಿ, ಅಂಚೆಯವರಿಗೆ ವಿಳಾಸ ಹೇಳದೇ ಇದ್ದ ಹಾಗೆ ಆಗುತ್ತದೆ.

ಯಾವುದು ಒಳ್ಳೆಯದು ಎಂದರೆ, ಕಂಪ್ಯೂಟರ್ ಚೆನ್ನಾಗಿ ಓಡುತ್ತಿದ್ದು, ಒಳಗಿರುವ ಸಾಫ್ಟ್‌ವೇರ್‌ಗಳ ಸಿಡಿಯೋ ಕೀಯೋ ಕೈಲಿಲ್ಲದಿದ್ದರೆ ಕ್ಲೋನ್. ಹಳೆಯ ಡಿಟಿಪಿ ಅಂಗಡಿಗಳಿಗೆ ನಾನು ಯಾವಾಗಲೂ ಕ್ಲೋನನ್ನೇ ಹೇಳುತ್ತೇನೆ. ಅಲ್ಲಿನ ಪೇಜ್‌ಮೇಕರ್, ಫಾಂಟು, ಪ್ರಿಂಟರ್ ಡ್ರೈವರ್‌ಗಳನ್ನು ಮತ್ತೆ ಕೂರಿಸುವುದು ದೊಡ್ಡ ತಲೆನೋವು. ವೈರಸ್ಸು, ಎಂದೋ ಹಾಕಿ ಮರೆತ ಟೂಲ್‌ಬಾರ್, ಕಾರಣ ಗೊತ್ತಿಲ್ಲದೆ ಬರುವ ಎರರ್ ಇವೆಲ್ಲ ತುಂಬಿದ್ದರೆ ಹೊಸ ವಿಂಡೋಸ್. ಕ್ಲೋನ್ ಮಾಡಿದರೆ ಆ ರೋಗಗಳೂ ಜೊತೆಗೇ ಬರುತ್ತವೆ. ಈ ಮನೆಯ ಕಂಪ್ಯೂಟರಿಗೆ ಹೊಸದೇ ಸರಿ ಎಂದು ತೀರ್ಮಾನಿಸಿದೆ. ಕಂಪ್ಯೂಟರ್ ಜೋಡಿಸಿಕೊಟ್ಟವರು ವಿಂಡೋಸ್ 10ನ್ನು ಡಿಸ್ಕ್ ವಿಂಗಡಿಸುವ ಹಳೆಯ ಎಂಬಿಆರ್ ಪದ್ಧತಿಯಲ್ಲಿ ಹಾಕಿದ್ದರು. ಅದು 1983ರ ಡಾಸ್ ಕಾಲದ ವ್ಯವಸ್ಥೆ, ಎರಡು ಟಿಬಿ ದಾಟಿದ ಜಾಗ ಅದಕ್ಕೆ ಕಾಣುವುದಿಲ್ಲ. ವಿಂಡೋಸ್ 11 ಕೇಳುವುದು ಯುಇಎಫ್‌ಐ ವಿಧಾನವನ್ನು, ಅದಕ್ಕೆ ಡಿಸ್ಕ್ ಜಿಪಿಟಿ ಎಂಬ ಹೊಸ ಪದ್ಧತಿಯಲ್ಲಿರಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು. ಇದು ಬಹಳ ಬೋರ್ಡುಗಳಲ್ಲಿ ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ, ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಎಂಬ ಹೆಸರಿನಲ್ಲಿ ಅಡಗಿ ಕೂತಿರುತ್ತದೆ.

ಡಿಸ್ಕ್ ಬದಲಾಯಿಸಿದರೆ ವಿಂಡೋಸ್ ಲೈಸೆನ್ಸ್ ಹೋಗುತ್ತದಾ ಎಂದು ತಂದೆ ಕೇಳಿದರು. ಡಿಜಿಟಲ್ ಲೈಸೆನ್ಸ್ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ. ಡಿಸ್ಕ್ ಹೊಸದಾದರೂ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ.

ಇನ್ನು ಸ್ಕ್ರೂಡ್ರೈವರ್ ಮುಟ್ಟುವ ಮೊದಲು ಮಾಡಬೇಕಾದ ಕೆಲಸ. ಮೊದಲು ಹಳೆಯ ಡಿಸ್ಕಿನ ಆರೋಗ್ಯ ನೋಡಬೇಕು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ಸಾಫ್ಟ್‌ವೇರ್ ಇದೆ, ತೆರೆದ ಕೂಡಲೇ ನೀಲಿ ಬಣ್ಣದಲ್ಲಿ ‘ಗುಡ್’ ಎಂದೋ ಹಳದಿಯಲ್ಲಿ ‘ಕಾಷನ್’ ಎಂದೋ ತೋರಿಸುತ್ತದೆ. ಹಳದಿ ಬಂದಿದ್ದರೆ ಡಿಸ್ಕಿನಲ್ಲಿ ಓದಲಾಗದ ಜಾಗಗಳು ಹುಟ್ಟಿಕೊಂಡಿವೆ ಎಂದು ಅರ್ಥ. ಅಂಥ ಡಿಸ್ಕಿಗೆ ಕ್ಲೋನ್ ಹಚ್ಚಿ ರಾತ್ರಿಯಿಡೀ ಓಡಿಸುವುದು ಅಪಾಯ. ಮೊದಲು ಬೇಕಾದ ಫೋಲ್ಡರುಗಳನ್ನಷ್ಟೇ ಹೊರಗೆ ತೆಗೆದುಕೊಳ್ಳಬೇಕು. ಡಿಸ್ಕ್ ಕಟಕಟ ಎಂದು ಸದ್ದು ಮಾಡುತ್ತಿದ್ದರಂತೂ ಕಂಪ್ಯೂಟರ್ ಆಫ್ ಮಾಡಿ, ಡಾಟಾ ರಿಕವರಿ ಮಾಡುವವರ ಹತ್ತಿರ ಹೋಗುವುದೇ ಕ್ಷೇಮ. ಈ ಮನೆಯ ಡಿಸ್ಕ್ ನೀಲಿ ತೋರಿಸಿತು.

ಮತ್ತೆ ಸಿಗದ್ದನ್ನು ಹುಡುಕುವ ಕೆಲಸಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಎಲ್ಲರಿಗೂ ಗೊತ್ತು. ಅಲ್ಲೂ ಒಂದು ಎಡವಟ್ಟಿದೆ. ಒನ್‌ಡ್ರೈವ್ ಆನ್ ಆಗಿದ್ದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳು ಅದರೊಳಗೆ ಹೋಗಿ ಕೂತಿರುತ್ತವೆ. ಫೈಲಿನ ಪಕ್ಕದಲ್ಲಿ ಮೋಡದ ಚಿತ್ರ ಇದ್ದರೆ ಆ ಫೈಲಿನ ಹೆಸರು ಮಾತ್ರ ನಿಮ್ಮ ಡಿಸ್ಕಿನಲ್ಲಿದೆ, ಒಳಗಿನ ವಸ್ತು ಮೈಕ್ರೋಸಾಫ್ಟಿನ ಸರ್ವರ್‌ನಲ್ಲಿದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಯಾವಾಗಲೂ ಈ ಕಂಪ್ಯೂಟರಿನಲ್ಲೇ ಇಟ್ಟುಕೋ ಎಂಬ ಆಯ್ಕೆ ಒತ್ತಿ, ಎಲ್ಲ ಇಳಿಯುವವರೆಗೂ ಕಾದು ಆಮೇಲೆ ಕಾಪಿ ಮಾಡಬೇಕು.

ಟ್ಯಾಲಿ ಡಾಟಾ ಎಲ್ಲಿದೆ ಎಂದು ಊಹಿಸಲು ಹೋಗಬಾರದು. ಟ್ಯಾಲಿಯೊಳಗೇ ಕಂಪನಿ ಆರಿಸುವ ಪರದೆಯಲ್ಲಿ ಡಾಟಾ ಇರುವ ಜಾಗದ ದಾರಿ ಕಾಣುತ್ತದೆ. ಅಲ್ಲಿಗೆ ಹೋದರೆ ಬರೀ ಅಂಕಿಗಳ ಹೆಸರಿನ ಫೋಲ್ಡರುಗಳು. ಒಂದೊಂದು ಫೋಲ್ಡರ್ ಒಂದೊಂದು ಕಂಪನಿಯ ಲೆಕ್ಕ. ಹೆಸರು ಗೊತ್ತಿಲ್ಲದವರು ಇದೇನೋ ಕಸ ಎಂದುಕೊಳ್ಳುವಂತಿರುತ್ತವೆ. ನಾನು ಟ್ಯಾಲಿಯ ಬ್ಯಾಕಪ್ ಆಯ್ಕೆಯಿಂದ ಒಂದು ಪ್ರತಿ, ಫೋಲ್ಡರನ್ನೇ ಇಡಿಯಾಗಿ ಇನ್ನೊಂದು ಪ್ರತಿ ತೆಗೆದು, ಅಂಗಡಿಯ ಬೇರೆ ಕಂಪ್ಯೂಟರಿನಲ್ಲಿ ತೆರೆದು, ಕೊನೆಯ ವೋಚರಿನ ತಾರೀಖು ಸರಿ ಇದೆಯೇ ಎಂದು ತಂದೆಯವರನ್ನೇ ಕೂರಿಸಿ ತೋರಿಸಿದೆ. ಬ್ಯಾಕಪ್ ಆಯಿತು ಎಂಬ ಸಂದೇಶ ಬಂದರೆ ಸಾಲದು, ತೆರೆದು ಓದಿದ ಮೇಲೆಯೇ ಅದು ಬ್ಯಾಕಪ್.

ತಾತನ ಫೈಲುಗಳದ್ದು ಬೇರೆಯೇ ಕಥೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ, ಯೂನಿಕೋಡ್‌ಗೆ ಮೊದಲಿನ ಫಾಂಟುಗಳಲ್ಲಿ ಟೈಪ್ ಮಾಡಿದ ಫೈಲಿನೊಳಗೆ ನಿಜವಾಗಿ ಕನ್ನಡ ಅಕ್ಷರಗಳ ಸಂಕೇತ ಇರುವುದಿಲ್ಲ. ಇರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ನುಡಿ ಫಾಂಟ್ ಅವುಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಬರೆದು ತೋರಿಸುತ್ತದೆ, ಅಷ್ಟೆ. ಫಾಂಟ್ ಇಲ್ಲದ ಹೊಸ ವಿಂಡೋಸಿನಲ್ಲಿ ಅದೇ ಫೈಲ್ ತೆರೆದರೆ ತಲೆಯ ಮೇಲೆ ಗೆರೆ, ಚುಕ್ಕಿ, ಕೊಂಬು ಹೊತ್ತ ರೋಮನ್ ಅಕ್ಷರಗಳ ಸಾಲು ಸಾಲು. ಫೈಲ್ ಹಾಳಾಗಿದೆ ಎಂದು ತಿಳಿದು ಅಳಿಸಿ ಹಾಕಿದವರನ್ನು ನಾನು ಬಲ್ಲೆ. ಅದು ಹಾಳಾಗಿರುವುದಿಲ್ಲ, ಫಾಂಟ್ ಹಾಕಿದರೆ ಅಕ್ಷರಗಳು ಮರಳಿ ಬರುತ್ತವೆ. ಹಾಗಾಗಿ ಫೈಲುಗಳ ಜೊತೆಗೆ ವಿಂಡೋಸ್ ಫೋಲ್ಡರಿನ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ನುಡಿ, ಬರಹ, ಶ್ರೀಲಿಪಿ, ಯಾವ್ಯಾವ ಕನ್ನಡ ಫಾಂಟ್ ಇವೆಯೋ ಎಲ್ಲವನ್ನೂ ತೆಗೆದಿಟ್ಟುಕೊಳ್ಳಬೇಕು. ಮೇಷ್ಟ್ರ ಬರಹಗಳಿಗೆ ಇನ್ನೊಂದು ಕೆಲಸವನ್ನೂ ಮಾಡಿದೆ. ಕನ್ವರ್ಟರ್ ಬಳಸಿ ಪ್ರತಿಯೊಂದನ್ನೂ ಯೂನಿಕೋಡ್‌ಗೆ ಬದಲಿಸಿ, ಮೂಲದ ಪಕ್ಕದಲ್ಲೇ ಇಟ್ಟೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಅಲ್ಲಲ್ಲಿ ತಪ್ಪುತ್ತದೆ, ಕಣ್ಣಾಡಿಸಿ ತಿದ್ದಬೇಕು. ಕನ್ನಡದಲ್ಲಿ ಹೀಗೆ ಮನೆಮನೆಯ ಡಿಸ್ಕಿನೊಳಗೆ ಉಳಿದಿರುವ ಬರಹ ಎಷ್ಟಿದೆಯೋ. ಡಿಸ್ಕ್ ಬದಲಾಯಿಸುವ ಹೊತ್ತು ಅವನ್ನು ಹೊರತೆಗೆಯಲು ಒಳ್ಳೆಯ ಹೊತ್ತು.

ಈಗ ಹುಡುಗನ ಗೇಮು. ಗೇಮ್ ಎಂದರೆ ಎರಡು ವಸ್ತು, ಇದು ತಲೆಯಲ್ಲಿದ್ದರೆ ಉಳಿದದ್ದು ಸುಲಭ. ಒಂದು ಗೇಮಿನ ದೇಹ, ಅಂದರೆ ನೂರು ಜಿಬಿಗಟ್ಟಲೆ ಚಿತ್ರ, ಸದ್ದು, ನಕ್ಷೆ. ಇದು ಯಾವಾಗ ಬೇಕಾದರೂ ಮತ್ತೆ ಇಳಿಯುತ್ತದೆ. ಇನ್ನೊಂದು ಸೇವ್, ಆಡಿದವನು ಎಲ್ಲಿಯವರೆಗೆ ಬಂದಿದ್ದಾನೆ ಎಂಬ ದಾಖಲೆ. ಕೆಲವು ಕೆಬಿ, ಹೆಚ್ಚೆಂದರೆ ಕೆಲವು ಎಂಬಿ. ಆಡಿದ ಅಷ್ಟೂ ಗಂಟೆಗಳು ಅದರಲ್ಲಿವೆ. ಎರಡೂ ಒಂದೇ ಜಾಗದಲ್ಲಿ ಇರುವುದೇ ಅಪರೂಪ. ಜಿಟಿಎ ಸ್ಯಾನ್ ಆಂಡ್ರಿಯಾಸ್ ತನ್ನ ಸೇವ್‌ಗಳನ್ನು ಡಾಕ್ಯುಮೆಂಟ್ಸ್ ಒಳಗೆ ತನ್ನದೇ ಹೆಸರಿನ ಯೂಸರ್ ಫೈಲ್ಸ್ ಫೋಲ್ಡರಿನಲ್ಲಿ ಇಡುತ್ತದೆ. ಜಿಟಿಎ 5 ಡಾಕ್ಯುಮೆಂಟ್ಸ್ ಒಳಗಿನ ರಾಕ್‌ಸ್ಟಾರ್ ಗೇಮ್ಸ್ ಫೋಲ್ಡರಿನಲ್ಲಿ, ಪ್ರೊಫೈಲ್ಸ್ ಎಂಬಲ್ಲಿ. ಜಾವಾ ಆವೃತ್ತಿಯ ಮೈನ್‌ಕ್ರಾಫ್ಟ್‌ನ ಲೋಕಗಳೂ ಸ್ಟಾರ್‌ಡ್ಯೂ ವ್ಯಾಲಿಯ ತೋಟಗಳೂ ಆ್ಯಪ್‌ಡೇಟಾದ ರೋಮಿಂಗ್ ಫೋಲ್ಡರಿನಲ್ಲಿ. ಆ್ಯಪ್‌ಡೇಟಾ ಮರೆಯಲ್ಲಿರುವ ಫೋಲ್ಡರ್. ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಅಡಗಿದ ಫೈಲುಗಳನ್ನು ತೋರಿಸು ಎಂದು ಗುರುತು ಹಾಕಿದರೆ ಮಾತ್ರ ಕಾಣುತ್ತದೆ. ಅದರೊಳಗೆ ಲೋಕಲ್, ಲೋಕಲ್‌ಲೋ, ರೋಮಿಂಗ್ ಎಂದು ಮೂರು. ಮೂರನ್ನೂ ನೋಡಬೇಕು. ಗೇಮ್ ಮಾರುವ ಸ್ಟೀಮ್‌ನ ಫೋಲ್ಡರಿನ ಒಳಗಿನ ಯೂಸರ್‌ಡೇಟಾದಲ್ಲೂ ಕೆಲವು ಗೇಮುಗಳ ಸೇವ್ ಇರುತ್ತದೆ. ನಾನು ಒಂದೊಂದನ್ನು ಹೆಕ್ಕುವ ಗೋಜಿಗೆ ಹೋಗುವುದಿಲ್ಲ, ಯೂಸರ್ಸ್ ಫೋಲ್ಡರಿನಲ್ಲಿ ಆ ಮನೆಯವರ ಹೆಸರಿನ ಫೋಲ್ಡರನ್ನೇ ಇಡಿಯಾಗಿ ಒಂದು ಎಕ್ಸ್‌ಟರ್ನಲ್ ಡಿಸ್ಕಿಗೆ ತೆಗೆದಿಡುತ್ತೇನೆ.

ಸ್ಟೀಮ್‌ನಲ್ಲಿ ಕೊಂಡ ಗೇಮುಗಳಿಗೆ ಕ್ಲೌಡ್ ಸೇವ್ ಇದೆ, ಆದರೆ ಎಲ್ಲ ಗೇಮುಗಳಿಗೂ ಇಲ್ಲ. ಗೇಮಿನ ಪುಟದಲ್ಲಿ ಮೋಡದ ಗುರುತು ಇದೆಯೇ ನೋಡಿ. ಹೊಸ ವಿಂಡೋಸ್‌ನಲ್ಲಿ ಮೊದಲ ಸಲ ಗೇಮ್ ತೆರೆದಾಗ, ಕಂಪ್ಯೂಟರಿನಲ್ಲಿರುವ ಸೇವ್ ಬೇಕೋ ಕ್ಲೌಡ್‌ನಲ್ಲಿರುವುದು ಬೇಕೋ ಎಂದು ಸ್ಟೀಮ್ ಕೇಳಬಹುದು. ಎರಡರ ತಾರೀಖು, ಗಂಟೆ ಅಲ್ಲೇ ಬರೆದಿರುತ್ತದೆ. ಆತುರದಲ್ಲಿ ಒತ್ತಿದರೆ ತಪ್ಪಾದದ್ದು ಸರಿಯಾದದ್ದರ ಮೇಲೆ ಕೂತುಬಿಡುತ್ತದೆ. ಹುಡುಗರಿಗೆ ನಾನು ಹೇಳುವುದು, ಅಲ್ಲಿ ನಿಲ್ಲು, ಓದು, ಆಮೇಲೆ ಒತ್ತು.

ಗೇಮಿನ ದೇಹ ಮತ್ತೆ ಇಳಿಯುತ್ತದೆ ಎಂದೆನಲ್ಲ, ಅದಕ್ಕೂ ನಮ್ಮ ಕಡೆ ಒಂದು ಲೆಕ್ಕವಿದೆ. ಸೆಕೆಂಡಿಗೆ ನೂರು ಮೆಗಾಬಿಟ್‌ನ ಫೈಬರ್ ಲೈನ್ ಪೂರ್ತಿ ವೇಗದಲ್ಲಿ ಓಡಿದರೆ ನೂರು ಜಿಬಿಗೆ ಎರಡೂಕಾಲು ಗಂಟೆ. ಮೂವತ್ತು ಮೆಗಾಬಿಟ್ ಲೈನಾದರೆ ಏಳೂವರೆ ಗಂಟೆ. ಹುಡುಗನ ಮನೆ ಊರಿಂದಾಚೆ ತೋಟದಲ್ಲಿ, ಇಂಟರ್‌ನೆಟ್ ಎಂದರೆ ಮೊಬೈಲಿನ ಹಾಟ್‌ಸ್ಪಾಟ್, ದಿನಕ್ಕೆ ಒಂದೂವರೆ ಜಿಬಿ. ಆ ಲೆಕ್ಕದಲ್ಲಿ ಒಂದು ಜಿಟಿಎ 5 ಇಳಿಸಲು ಎರಡು ತಿಂಗಳಿಗೂ ಮೇಲೆ. ಅದೇ ಗೇಮನ್ನು ಹಾರ್ಡ್ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಕಾಪಿ ಮಾಡಲು ಕಾಲು ಗಂಟೆ, ಚಿಕ್ಕ ಫೈಲುಗಳು ಜಾಸ್ತಿ ಇದ್ದರೆ ಅರ್ಧ ಗಂಟೆ. ಆದ್ದರಿಂದ ಅವನ ‘ಗೇಮ್ಸ್ ಹೋಗಬಾರ್ದು’ ಎಂಬ ಮಾತು ಹಠ ಆಗಿರಲಿಲ್ಲ. ದೊಡ್ಡವರು ಇದನ್ನು ಅರ್ಥ ಮಾಡಿಕೊಳ್ಳಬೇಕು.

ಎಲ್ಲ ಪ್ರತಿ ಆದ ಮೇಲೆ ಕಂಪ್ಯೂಟರ್ ಆಫ್ ಮಾಡಿ, ಹಿಂದಿನ ಪವರ್ ಕೇಬಲ್ ಕಿತ್ತು, ಆನ್ ಮಾಡುವ ಬಟನ್ನನ್ನು ಕೆಲ ಕ್ಷಣ ಒತ್ತಿ ಹಿಡಿದು ಉಳಿದ ಕರೆಂಟು ಹೋಗುವಂತೆ ಮಾಡಿದೆ. ಸಾಮಾನ್ಯ ಎಂ.2 ಎಸ್‌ಎಸ್‌ಡಿ ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದದ ತೆಳು ಪಟ್ಟಿ. ಅದಕ್ಕೇ ಡಬ್ಬಿಯ ಮೇಲೆ 2280 ಎಂದು ಬರೆದಿರುತ್ತದೆ. ಕೊಳ್ಳುವ ಮೊದಲು ಮದರ್‌ಬೋರ್ಡಿನ ಪುಸ್ತಕ ನೋಡಬೇಕು. ಆಕಾರ ಒಂದೇ ಆದರೂ ಕೆಲವು ಸ್ಲಾಟುಗಳು ಸಾಟಾ ಮಾತ್ರ ಒಪ್ಪುತ್ತವೆ, ಕೆಲವು ಎನ್‌ವಿಎಂಇ ಮಾತ್ರ. ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ ಕೈಯ ಸ್ಟ್ಯಾಟಿಕ್ ಇಳಿಸಿಕೊಂಡು, ಪಟ್ಟಿಯ ಹಲ್ಲಿನ ಸಂದು ಸ್ಲಾಟಿನ ಗುಬುಟಿಗೆ ಸೇರುವಂತೆ ಹಿಡಿದು, ಸ್ವಲ್ಪ ಓರೆಯಾಗಿ ಒಳಕ್ಕೆ ತಳ್ಳಿದರೆ ಕೂರುತ್ತದೆ. ಕೂತ ಮೇಲೆ ಇನ್ನೊಂದು ತುದಿ ಮೇಲಕ್ಕೆ ಎದ್ದು ನಿಂತಿರುತ್ತದೆ. ಬಹಳ ಜನ ಅದನ್ನು ನೋಡಿ ಸರಿಯಾಗಿ ಕೂತಿಲ್ಲ ಎಂದು ಹೆದರಿ ಒತ್ತಡ ಹಾಕುತ್ತಾರೆ. ಅದು ಇರುವುದೇ ಹಾಗೆ. ಬೆರಳಲ್ಲಿ ಮೆಲ್ಲಗೆ ಕೆಳಗೆ ಒತ್ತಿ ಹಿಡಿದು, ತುದಿಯಲ್ಲಿ ಅಕ್ಕಿಕಾಳಿನಷ್ಟು ಸ್ಕ್ರೂ ಬಿಗಿದರೆ ಮುಗಿಯಿತು. ಆ ಸ್ಕ್ರೂ ಎಷ್ಟೋ ಸಲ ಎಸ್‌ಎಸ್‌ಡಿ ಜೊತೆ ಬರುವುದಿಲ್ಲ, ಮದರ್‌ಬೋರ್ಡಿನ ಡಬ್ಬಿಯಲ್ಲಿ ಇರುತ್ತದೆ. ಆ ಡಬ್ಬಿಯನ್ನು ಗುಜರಿಗೆ ಹಾಕಬೇಡಿ.

ವಿಂಡೋಸ್ ಹಾಕುವಾಗ ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ ಬಿಚ್ಚಿಡಲೇಬೇಕು. ಇದೊಂದನ್ನು ಓದುಗರು ನೆನಪಿಟ್ಟರೆ ಸಾಕು ಅನ್ನಿಸುತ್ತದೆ. ಎರಡು ಡಿಸ್ಕೂ ಜೋಡಿಸಿದ್ದರೆ ಇನ್‌ಸ್ಟಾಲರ್ ಹೊಸ ಡಿಸ್ಕಿನಲ್ಲಿ ವಿಂಡೋಸ್ ಇಟ್ಟರೂ ಬೂಟ್ ಫೈಲುಗಳನ್ನು ಹಳೆಯ ಡಿಸ್ಕಿನಲ್ಲಿ ಮೊದಲೇ ಇರುವ ಬೂಟ್ ಪಾರ್ಟಿಷನ್ನಿಗೇ ಸೇರಿಸಿಬಿಡಬಹುದು. ಎಲ್ಲ ಚೆನ್ನಾಗಿಯೇ ಓಡುತ್ತದೆ. ಆರು ತಿಂಗಳೋ ವರ್ಷವೋ ಆದ ಮೇಲೆ ಹಳೆಯ ಡಿಸ್ಕ್ ಕೆಟ್ಟಾಗ ಅಥವಾ ತೆಗೆದಾಗ, ಹೊಚ್ಚ ಹೊಸ ಎಸ್‌ಎಸ್‌ಡಿ ಇದ್ದೂ ಕಂಪ್ಯೂಟರ್ ಏಳುವುದಿಲ್ಲ. ಅಪ್ಪಿತಪ್ಪಿ ಹಳೆಯ ಡಿಸ್ಕನ್ನು ಫಾರ್ಮ್ಯಾಟ್ ಹೊಡೆಯುವ ಅಪಾಯವೂ ಕೇಬಲ್ ಬಿಚ್ಚಿದ್ದರೆ ಇರುವುದಿಲ್ಲ. ಕ್ಲೋನ್ ಮಾಡಿದವರಿಗೂ ಇದೇ ಮಾತು: ಮೊದಲ ಸಲ ಹೊಸ ಡಿಸ್ಕೊಂದೇ ಇಟ್ಟು ಆನ್ ಮಾಡಿ. ಅಚ್ಚು ತೆಗೆದ ಎರಡು ಡಿಸ್ಕಿಗೂ ಗುರುತಿನ ಸಂಖ್ಯೆ ಒಂದೇ ಆಗಿದ್ದು, ಎರಡೂ ಒಟ್ಟಿಗೆ ಇದ್ದರೆ ವಿಂಡೋಸ್ ಗೊಂದಲಕ್ಕೆ ಬಿದ್ದು ಒಂದನ್ನು ಆಫ್‌ಲೈನ್ ಮಾಡುತ್ತದೆ.

ಕೆಲಸ ನಡೆಯುವಷ್ಟು ಹೊತ್ತೂ ಯುಪಿಎಸ್ ಇರಬೇಕು. ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ.

ಹೊಸ ಎಸ್‌ಎಸ್‌ಡಿ 500 ಜಿಬಿಯದ್ದು. ವಿಂಡೋಸ್ 465 ಎಂದು ತೋರಿಸಿದಾಗ ತಂದೆಯವರ ಮುಖ ಸಣ್ಣದಾಯಿತು. ಇದರಲ್ಲಿ ಯಾರ ಮೋಸವೂ ಇಲ್ಲ. ತಯಾರಕರು ಒಂದು ಜಿಬಿಗೆ ನೂರು ಕೋಟಿ ಬೈಟ್ ಎಂದು ಎಣಿಸುತ್ತಾರೆ. ವಿಂಡೋಸ್ 1,024ರ ಗುಣಕದಲ್ಲಿ ಎಣಿಸುವುದರಿಂದ ಅದರ ಒಂದು ಜಿಬಿ ನೂರೇಳು ಕೋಟಿ ಚಿಲ್ಲರೆ ಬೈಟ್. ಜಾಗ ಅಷ್ಟೇ, ಅಳತೆ ಬೇರೆ. ಒಂದು ಟಿಬಿ ಡಿಸ್ಕ್ 931 ಎಂದು ಕಾಣುವುದೂ ಇದರಿಂದಲೇ. ನಿಜವಾದ ಮೋಸ ಬೇರೆ ಇದೆ. ನಂಬಲಾಗದಷ್ಟು ಅಗ್ಗದ ಬೆಲೆಗೆ ಮಾರುವ ನಕಲಿ ಡಿಸ್ಕುಗಳು ಎರಡು ಟಿಬಿ ಎಂದು ತೋರಿಸಿ, ಒಳಗೆ ಕೆಲವೇ ಜಿಬಿ ಇಟ್ಟುಕೊಂಡು, ತುಂಬಿದ ಮೇಲೆ ಹಳೆಯದರ ಮೇಲೇ ಬರೆಯುತ್ತಾ ಹೋಗುತ್ತವೆ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಪುಟ್ಟ ಉಚಿತ ಸಾಫ್ಟ್‌ವೇರ್ ಡಿಸ್ಕನ್ನು ಪೂರ್ತಿ ತುಂಬಿ, ಮತ್ತೆ ಓದಿ, ನಿಜ ಹೇಳುತ್ತದೆ. ಹೆಸರು ಗೊತ್ತಿಲ್ಲದ ಕಂಪನಿಯ ಡಿಸ್ಕ್ ಕೊಂಡಿದ್ದರೆ ಫೋಟೊ ತುಂಬುವ ಮೊದಲು ಇದನ್ನು ಓಡಿಸಿ.

ವಿಂಡೋಸ್ ಎದ್ದಿತು, ಡ್ರೈವರುಗಳು ಕೂತವು. ಮತ್ತೆ ಆಫ್ ಮಾಡಿ ಹಳೆಯ ಡಿಸ್ಕ್ ಜೋಡಿಸಿ, ಬಯಾಸ್‌ನಲ್ಲಿ ಹೊಸದು ಮೊದಲು ಏಳುವಂತೆ ಸಾಲು ಸರಿ ಮಾಡಿದೆ. ಇನ್ನು ಗೇಮ್ ತರುವುದು. ಸ್ಟೀಮ್ ಹೊಸದಾಗಿ ಹಾಕಿ, ಒಮ್ಮೆ ಲಾಗಿನ್ ಆಗಿ, ಪೂರ್ತಿ ಮುಚ್ಚಬೇಕು. ಹಳೆಯ ಡಿಸ್ಕಿನ ಸ್ಟೀಮ್‌ಆ್ಯಪ್ಸ್ ಫೋಲ್ಡರಿನಲ್ಲಿ ಕಾಮನ್ ಎಂಬ ಫೋಲ್ಡರ್ ಇದೆ, ಗೇಮುಗಳ ದೇಹ ಅಲ್ಲಿ. ಪಕ್ಕದಲ್ಲೇ ಆ್ಯಪ್‌ಮ್ಯಾನಿಫೆಸ್ಟ್ ಎಂದು ಶುರುವಾಗಿ ಒಂದು ಸಂಖ್ಯೆಯ ಹೆಸರಿರುವ ಚಿಕ್ಕ ಫೈಲುಗಳು. ಯಾವ ಗೇಮ್ ಇದೆ, ಎಲ್ಲಿಯವರೆಗೆ ಅಪ್‌ಡೇಟ್ ಆಗಿದೆ ಎಂದು ಸ್ಟೀಮ್‌ಗೆ ಹೇಳುವುದು ಇವೇ. ಗೇಮಿನ ಫೋಲ್ಡರ್ ಮತ್ತು ಅದರ ಮ್ಯಾನಿಫೆಸ್ಟ್ ಎರಡನ್ನೂ ಹೊಸ ಡಿಸ್ಕಿನ ಅದೇ ಜಾಗಗಳಿಗೆ ಕಾಪಿ ಮಾಡಿ ಸ್ಟೀಮ್ ತೆರೆದರೆ, ಗೇಮ್ ಇನ್‌ಸ್ಟಾಲ್ ಆಗಿಯೇ ಇದೆ ಎಂದು ತೋರಿಸುತ್ತದೆ. ಆಮೇಲೆ ಫೈಲುಗಳ ಸಮಗ್ರತೆ ಪರೀಕ್ಷಿಸುವ ಆಯ್ಕೆ ಒತ್ತಿದರೆ ಹಾಳಾದದ್ದೋ ಬಿಟ್ಟುಹೋದದ್ದೋ ಇದ್ದರೆ ಅದಷ್ಟನ್ನೇ ಇಳಿಸಿಕೊಳ್ಳುತ್ತದೆ. ಸ್ಟೀಮ್‌ನಂಥದ್ದೇ ಇನ್ನೊಂದು ಮಳಿಗೆಯಾದ ಎಪಿಕ್‌ನ ಗೇಮಿಗೆ ಬೇರೆ ಉಪಾಯ: ಫೋಲ್ಡರನ್ನು ಪಕ್ಕಕ್ಕಿಟ್ಟು, ಹೊಸ ಜಾಗದಲ್ಲಿ ಇನ್‌ಸ್ಟಾಲ್ ಶುರು ಮಾಡಿ, ಸ್ವಲ್ಪ ಇಳಿದ ಮೇಲೆ ನಿಲ್ಲಿಸಿ, ಹಳೆಯ ಫೈಲುಗಳನ್ನು ಅದರ ಮೇಲೆ ಪೇಸ್ಟ್ ಮಾಡಿ ಮುಂದುವರಿಸಿದರೆ, ಇರುವುದನ್ನು ಪರಿಶೀಲಿಸಿ ಉಳಿದದ್ದನ್ನು ಮಾತ್ರ ತರುತ್ತದೆ. ಸಿಡಿಯಿಂದ ಹಾಕಿದ ಹಳೆಯ ಗೇಮುಗಳು ಫೋಲ್ಡರ್ ತಂದ ಮಾತ್ರಕ್ಕೆ ಏಳದೇ ಇರಬಹುದು, ಡಿಎಲ್‌ಎಲ್ ಇಲ್ಲ ಎಂದು ದೂರುತ್ತವೆ. ಅಂಥ ಕಡೆ ಮೈಕ್ರೋಸಾಫ್ಟಿನ ವಿಷುವಲ್ ಸಿ++ ಪ್ಯಾಕೇಜು, ಡೈರೆಕ್ಟ್‌ಎಕ್ಸ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಆ ಡಿಎಲ್‌ಎಲ್ ಒಂದನ್ನೇ ಎಲ್ಲೋ ಸಿಕ್ಕ ವೆಬ್‌ಸೈಟಿನಿಂದ ಇಳಿಸಿ ಹಾಕುವುದು ಬೇಡ.

ಎಲ್ಲ ಗೇಮುಗಳನ್ನೂ ಎಸ್‌ಎಸ್‌ಡಿಗೆ ತರಬೇಕಾಗಿಲ್ಲ. ಸೈಬರ್‌ಪಂಕ್ 2077 ತನ್ನ 2023ರ ದೊಡ್ಡ ಅಪ್‌ಡೇಟಿನಿಂದ ಎಸ್‌ಎಸ್‌ಡಿಯನ್ನೇ ಕೇಳುತ್ತದೆ. ದೊಡ್ಡ ನಕ್ಷೆಯ, ಓಡಿದ ಹಾಗೆಲ್ಲ ಊರು ತೆರೆದುಕೊಳ್ಳುವ ಗೇಮುಗಳಿಗೆ ಇದರ ಲಾಭ ಜಾಸ್ತಿ. ಸ್ಯಾನ್ ಆಂಡ್ರಿಯಾಸ್‌ನಂಥವು ಹಳೆಯ ಡಿಸ್ಕಿನಲ್ಲೇ ಸುಖವಾಗಿರುತ್ತವೆ. ಎಸ್‌ಎಸ್‌ಡಿಯಲ್ಲಿ ಐದನೇ ಒಂದು ಭಾಗವಾದರೂ ಖಾಲಿ ಬಿಡಿ ಎಂದು ನಾನು ಹೇಳುತ್ತೇನೆ, ಮುಕ್ಕಿರಿದು ತುಂಬಿದರೆ ಬರೆಯುವ ವೇಗ ಬೀಳುತ್ತದೆ.

ಲ್ಯಾಪ್‌ಟಾಪ್‌ನವರಿಗೆ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಈಗಿನ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗಿರುತ್ತದೆ, ಯಾರೂ ಆನ್ ಮಾಡಿರದಿದ್ದರೂ. ಆ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ, ಕೆಲವೊಮ್ಮೆ ಬಯಾಸ್ ಬದಲಾಯಿಸಿದರೂ, ನೀಲಿ ಪರದೆಯಲ್ಲಿ 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳುತ್ತದೆ. ಆ ಕೀ ಇಲ್ಲದೆ ಒಳಗಿನದ್ದನ್ನು ತೆಗೆಯಲು ನನ್ನಿಂದಲೂ ಆಗುವುದಿಲ್ಲ, ಯಾರಿಂದಲೂ ಆಗುವುದಿಲ್ಲ. ಸಾಮಾನ್ಯವಾಗಿ ಅದು ಲ್ಯಾಪ್‌ಟಾಪ್ ಶುರು ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಎಷ್ಟೋ ಮನೆಗಳಲ್ಲಿ ಆ ಖಾತೆ ಮಾಡಿದವನು ಲ್ಯಾಪ್‌ಟಾಪ್ ಮಾರಿದ ಅಂಗಡಿಯ ಹುಡುಗ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಡಿಸ್ಕ್ ಬದಲಾಯಿಸುವ ಯೋಚನೆ ಇಲ್ಲದಿದ್ದರೂ ಇವತ್ತೇ ಆ ಖಾತೆ ತೆರೆದು, 48 ಅಂಕಿಗಳನ್ನು ಕಾಗದದ ಮೇಲೆ ಬರೆದು, ಮನೆಯ ಪತ್ರಗಳ ಜೊತೆ ಇಡಿ.

ಸಂಜೆ ಹೊತ್ತಿಗೆ ಕಂಪ್ಯೂಟರ್ ತಯಾರಾಯಿತು. ಟ್ಯಾಲಿ ತೆರೆಯಿತು, ಮೇಷ್ಟ್ರ ಬರಹ ಕನ್ನಡದಲ್ಲೇ ಓದಲು ಬಂತು, ಹುಡುಗ ತಾನು ನಿಲ್ಲಿಸಿದ ಮಿಷನ್ನಿನಿಂದಲೇ ಶುರು ಮಾಡಿದ. ಹಳೆಯ ಡಿಸ್ಕನ್ನು ಈಗಲೇ ಖಾಲಿ ಮಾಡಿ ಗೇಮ್ ತುಂಬೋಣವೇ ಎಂದು ಕೇಳಿದಾಗ ನಾನು ಒಪ್ಪಲಿಲ್ಲ. ಹೊಸ ಡಿಸ್ಕ್ ಮೊದಲ ವಾರಗಳಲ್ಲೇ ಕೆಡುವುದೂ ಉಂಟು, ಮತ್ತು ಬಿಟ್ಟುಹೋದ ಫೈಲ್ ನೆನಪಿಗೆ ಬರುವುದು ಜಿಎಸ್‌ಟಿ ಕಟ್ಟುವ ದಿನವೋ ಪರೀಕ್ಷೆಯ ಹಿಂದಿನ ರಾತ್ರಿಯೋ. ಒಂದೆರಡು ತಿಂಗಳು ಅದನ್ನು ಹಾಗೇ ಇಟ್ಟು, ಆಮೇಲೆ ಗೇಮುಗಳ ಗೋದಾಮು ಮಾಡಿಕೊಳ್ಳಲಿ. ಯಾರಿಗಾದರೂ ಮಾರುವುದಿದ್ದರೆ ಮಾಮೂಲಿ ಕ್ವಿಕ್ ಫಾರ್ಮ್ಯಾಟ್ ಸಾಲದು, ಅದರಿಂದ ಫೈಲುಗಳ ಪಟ್ಟಿ ಮಾತ್ರ ಹೋಗುತ್ತದೆ, ಫೈಲುಗಳು ಹಾಗೇ ಇರುತ್ತವೆ. ವಿಂಡೋಸಿನಲ್ಲೇ ಇರುವ ಡಿಸ್ಕ್‌ಪಾರ್ಟ್ ಎಂಬ ಕಮಾಂಡಿನಲ್ಲಿ ಸರಿಯಾದ ಡಿಸ್ಕನ್ನು ಎರಡೆರಡು ಸಲ ನೋಡಿ ಆರಿಸಿ ಕ್ಲೀನ್ ಆಲ್ ಎಂದು ಕೊಟ್ಟರೆ, ಮೊದಲಿನಿಂದ ಕೊನೆಯವರೆಗೂ ಸೊನ್ನೆ ಬರೆದು ಅಳಿಸುತ್ತದೆ. ಒಂದು ಟಿಬಿ ಹಾರ್ಡ್ ಡಿಸ್ಕಿಗೆ ಹಲವು ಗಂಟೆ ಹಿಡಿಯುತ್ತದೆ. ರಾತ್ರಿ ಹಚ್ಚಿ ಮಲಗಬಹುದು.